ದನ ಬಿಟ್ಟು ಹೆಂಗ ಬರೂದ್ರಿ ಸರಾ?

ಕೃಷ್ಣೆಗೆ ಪ್ರವಾಹ ಬಂದಾಗಲೆಲ್ಲ ಟಿವಿಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಎಷ್ಟು ಹೇಳಿದರೂ ಜನ ಊರು ಬಿಡುತ್ತಿಲ್ಲ." ಅದರ ಕೆಳಗೆ ಕಾಮೆಂಟು ನೋಡಬೇಕು. ಇಂಥವರನ್ನು ಅಲ್ಲೇ ಬಿಟ್ಟುಬಿಡಿ ಅಂತ ಬರೆಯುವವರೂ ಇದ್ದಾರೆ. ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಹೊಳೆದಂಡೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. 2019ರ ಆಗಸ್ಟ್‌ನಲ್ಲಿ ನಮ್ಮ ಶಾಲೆಯೇ ಕಾಳಜಿ ಕೇಂದ್ರ, ಅಂದರೆ ಊರು ಬಿಟ್ಟು ಬಂದವರು ಉಳಿಯುವ ಜಾಗ ಆಗಿತ್ತು. ಆ ನಾಲ್ಕು ದಿನ ನೋಡಿದ್ದನ್ನು ಇವತ್ತಾದರೂ ಬರೆಯಬೇಕು ಅನಿಸಿತು.

ಮೊದಲು ಒಂದು ವಿಷಯ. ನಮ್ಮ ಕಡೆ ಪ್ರವಾಹ ಬರುವಾಗ ಎಷ್ಟೋ ಸಲ ಮಳೆಯೇ ಇರುವುದಿಲ್ಲ. ಮೇಲೆ ಸುಡುಬಿಸಿಲು. ಹೊಲದಲ್ಲಿ ತೊಗರಿ, ಹತ್ತಿ ಮಳೆಗಾಗಿ ಬಾಯಿ ಬಿಟ್ಟುಕೊಂಡು ನಿಂತಿರುತ್ತವೆ. ಮಳೆ ಬೀಳುವುದು ದೂರದ ಮಹಾಬಲೇಶ್ವರ, ಕೊಯ್ನಾ ಕಡೆ. ಆ ನೀರು ಆಲಮಟ್ಟಿ ಡ್ಯಾಂಗೆ ಬಂದು, ಅಲ್ಲಿಂದ ನಾರಾಯಣಪುರ ಡ್ಯಾಂಗೆ ಬಂದು, ಗೇಟ್ ತೆಗೆದ ಮೇಲೆ ನಮ್ಮ ಊರಿನ ಮುಂದೆ ಹಾಯುತ್ತದೆ. ಒಂದು ಹನಿ ಮಳೆ ಕಾಣದ ಮನುಷ್ಯನಿಗೆ "ನಾಳೆ ನಿನ್ನ ಮನೆಗೆ ನೀರು ಬರುತ್ತದೆ, ಹೊರಡು" ಅಂದರೆ ಆತ ಒಮ್ಮೆ ಆಕಾಶ ನೋಡೇ ನೋಡುತ್ತಾನೆ. ಅದು ಹಠ ಹೇಗಾಗುತ್ತದೆ?

ಹೇಳುವ ರೀತಿಯೂ ಹಾಗೇ ಇದೆ. ಡಂಗುರ ಸಾರುತ್ತಾರೆ, ಆಟೋದಲ್ಲಿ ಮೈಕ್ ಕಟ್ಟಿಕೊಂಡು ಬರುತ್ತಾರೆ. ಎರಡೂವರೆ ಲಕ್ಷ ಕ್ಯೂಸೆಕ್ ಬಿಟ್ಟಿದ್ದಾರೆ ಅನ್ನುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಅಂತ ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ಊರಿನವರ ಲೆಕ್ಕ ಬೇರೆ. ಗುಡಿಯ ಎಷ್ಟನೇ ಮೆಟ್ಟಿಲು, ಯಾರ ಹೊಲದ ಬೇವಿನ ಮರ, ಶೀಲಹಳ್ಳಿ ಸೇತುವೆ ಕಾಣುತ್ತಿದೆಯೋ ಇಲ್ಲವೋ. ಆ ಲೆಕ್ಕದಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಕರೆಂಟ್ ಕಂಬದ ಮೇಲೆ ಬಣ್ಣದ ಗೆರೆ ಎಳೆದು, ಇಷ್ಟು ಬಿಟ್ಟರೆ ನೀರು ಇಲ್ಲಿಗೆ ಅಂತ ಬರೆಯಲು ಎಷ್ಟು ಖರ್ಚಾದೀತು?

ಆ ವರ್ಷ ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ದಾಟಿತ್ತು. ಸಂಜೆ ಟ್ರ್ಯಾಕ್ಟರ್‌ಗಳಲ್ಲಿ ಜನ ಬಂದರು. ಹಾಸಿಗೆ, ಜೋಳದ ಚೀಲ, ಮಕ್ಕಳು. ಒಬ್ಬ ಮುದುಕಿ ಸೀರೆಯ ಸೆರಗಿನೊಳಗೆ ಆಡಿನ ಮರಿ ಮುಚ್ಚಿಕೊಂಡು ಬಂದಳು. ತಾಯಿ ಆಡು ಅವಳ ಹಿಂದೆಯೇ ಬಂತು. ಗೇಟಿನಲ್ಲಿ ನಿಂತಿದ್ದ ಸಿಬ್ಬಂದಿ, ಜನಕ್ಕೆ ಮಾತ್ರ ಜಾಗ, ಪ್ರಾಣಿ ಒಳಗೆ ಬಿಡುವಂತಿಲ್ಲ ಅಂದರು. ಅವರನ್ನೂ ದೂರಲಾರೆ, ಅವರಿಗೆ ಮೇಲಿನಿಂದ ಹಾಗೇ ಹೇಳಿತ್ತು. ಮುದುಕಿ ವಾದ ಮಾಡಲಿಲ್ಲ. ಕಂಪೌಂಡಿನ ಹೊರಗೆ, ಗೋಡೆಗೆ ಒರಗಿ ಕೂತಳು. ನಾನು ಹೋಗಿ, "ಯಮ್ಮಾ, ಒಳಗ ಬಾ, ಊಟ ಆಗೇತಿ" ಅಂದೆ.

"ಇವನ್ನ ಬಿಟ್ಟು ಹೆಂಗ ಬರ್ಲಿ ಸರಾ? ಇವಕ್ಕ ಯಾರದಾರ?"

ರಾತ್ರಿ ಪೂರ್ತಿ ಅಲ್ಲೇ ಇದ್ದಳು. ನಾನು ತಟ್ಟೆಯಲ್ಲಿ ಅನ್ನ ಸಾರು ತಂದುಕೊಟ್ಟೆ. ಅರ್ಧ ತಾನು ತಿಂದು, ಅರ್ಧ ಆಡಿಗೆ ಇಟ್ಟಳು. ಶಾಲೆಯ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಹಿಂದಿನ ಸೈಕಲ್ ಶೆಡ್ ಖಾಲಿ ಇತ್ತು. ಅವತ್ತು ಅದು ನನಗೆ ಹೊಳೆಯಲೇ ಇಲ್ಲ. ಆರು ವರ್ಷವಾದರೂ ಅದನ್ನು ಮರೆಯಲು ಆಗಿಲ್ಲ.

ಬೆಳಗಿನ ಜಾವ ಇನ್ನೊಂದು ಗಾಬರಿ. ನಾಲ್ಕು ಜನ ಗಂಡಸರು ಕೇಂದ್ರದಲ್ಲಿ ಇಲ್ಲ. ಎಲ್ಲಿ ಅಂತ ಹುಡುಕಿದರೆ ಊರಿಗೆ ವಾಪಸ್ ಹೋಗಿದ್ದರು. ಎಮ್ಮೆಗಳನ್ನು ಕಟ್ಟಿಯೇ ಬಂದಿದ್ದರಂತೆ. ಕಣ್ಣಿ ಬಿಚ್ಚಲು, ಹಾಲು ಹಿಂಡಲು, ಸಾಧ್ಯವಾದರೆ ಹೊಳೆಯಲ್ಲಿದ್ದ ಪಂಪ್‌ಸೆಟ್ ಎತ್ತಲು ಹೋಗಿದ್ದರು. ಎದೆಮಟ್ಟದ ನೀರಿನಲ್ಲಿ ನಡೆದು ಬಂದರು. ದೇವರು ದೊಡ್ಡವನು, ಎಲ್ಲರೂ ಬದುಕಿ ಬಂದರು. ಅವರ ಹೆಂಡತಿಯರ ಮುಖ ನನಗೆ ಇನ್ನೂ ನೆನಪಿದೆ.

ಎಮ್ಮೆ ಸತ್ತರೆ ಪರಿಹಾರ ಇದೆಯಲ್ಲ ಅನ್ನಬಹುದು. 2022ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ ಹಾಲು ಕೊಡುವ ಎಮ್ಮೆಗೆ 37,500 ರೂಪಾಯಿ ಇತ್ತು. ಸಂತೆಯಲ್ಲಿ ಒಳ್ಳೆಯ ಎಮ್ಮೆ ಆ ದುಡ್ಡಿಗೆ ಬರುತ್ತದಾ, ಯಾರಾದರೂ ರೈತರನ್ನು ಕೇಳಿ. ಹೊಳೆಯಲ್ಲಿ ಹರಿದುಹೋದ ಎಮ್ಮೆಯನ್ನು ಹೇಗೆ ತೋರಿಸುವುದು ಅಂತಲೂ ಕೇಳಿ. ಅದು ದಿನದ ಹಾಲು, ಮಗಳ ಕಾಲೇಜು ಫೀಸು, ಕಷ್ಟಕ್ಕೆ ಮಾರುವ ಬಂಗಾರ.

ಅದೇ ವಾರ ಕೊಪ್ಪಳದ ವಿರುಪಾಪುರಗಡ್ಡಿಯಲ್ಲಿ ತುಂಗಭದ್ರೆ ಸುತ್ತುವರಿದು ನೂರಾರು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಎನ್‌ಡಿಆರ್‌ಎಫ್ ದೋಣಿ, ಹೆಲಿಕಾಪ್ಟರ್ ಎಲ್ಲ ಬಂದವು. ಆ ಸಿಬ್ಬಂದಿಯ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ, ಅವರದೇ ದೋಣಿ ಮಗುಚಿ ಕೊಚ್ಚಿಹೋಗಿ ಬದುಕಿ ಬಂದವರು ಅವರು. ಆದರೆ ಪ್ರವಾಸಿ ಒಂದು ಬ್ಯಾಗ್ ಹಿಡಿದು ದೋಣಿ ಹತ್ತುತ್ತಾನೆ. ನಮ್ಮ ಗಡ್ಡಿಯ, ಅಂದರೆ ಹೊಳೆಯ ನಡುಗಡ್ಡೆಯ ರೈತ ಯಾವುದನ್ನು ಹಿಡಿದು ಹತ್ತಬೇಕು?

2009ರ ಪ್ರವಾಹ ಇನ್ನೂ ಬೇರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಆ ಸಲ ಮಳೆ ನಮ್ಮ ತಲೆಯ ಮೇಲೇ ಸುರಿಯಿತು. ಮಣ್ಣಿನ ಮಾಳಿಗೆ ಮನೆಗಳು ನೆನೆದು ನೆನೆದು ಕುಸಿದವು. ಆಚೆ ಮಂತ್ರಾಲಯದ ಮಠಕ್ಕೂ ನೀರು ನುಗ್ಗಿತು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಹೋದರು. ಆಮೇಲೆ ದಾನಿಗಳು, ಸರ್ಕಾರ ಸೇರಿ "ಆಸರೆ" ಮನೆ ಕಟ್ಟಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿಸಿದರು. ಆದರೆ ನಾನು ಕಂಡ ಮನೆಗಳಲ್ಲಿ ಕೊಟ್ಟಿಗೆ ಇರಲಿಲ್ಲ, ಬಣವಿ ಒಟ್ಟಲು ಜಾಗ ಇರಲಿಲ್ಲ, ಹೊಲ ದೂರ. ಎಷ್ಟೋ ಮನೆಗೆ ಜನ ಹೋಗಲೇ ಇಲ್ಲ. ಹೊಸ ಮನೆ ಕೊಟ್ಟರೂ ಹೋಗಲ್ಲ ಅಂತ ಆಗಲೂ ಬೈಸಿಕೊಂಡವರು ಇದೇ ಜನ.

ಹೊಳೆದಂಡೆಯವರಿಗೆ ಎರಡು ಕಡೆಯ ಭಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಯಿತಲ್ಲ, ಆಗ ಸಿಂಧನೂರು ಕಡೆಯ ನನ್ನ ಭಾವನಿಗೆ ಫೋನ್ ಮಾಡಿದ್ದೆ. ಮೊದಲು ದಂಡೆಯ ಮೇಲಿನ ನೆಂಟರ ಚಿಂತೆ ಹೇಳಿದ. ಮರುಕ್ಷಣವೇ, "ಡ್ಯಾಂ ಖಾಲಿ ಆದ್ರ ಭತ್ತಕ್ಕ ನೀರೆಲ್ಲಿಂದ ಮಾವ?" ಅಂದ. ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು. ಅಷ್ಟು ದಿನ ಅವನಿಗೆ ನಿದ್ದೆ ಇರಲಿಲ್ಲ.

ಜನರನ್ನು ಸ್ಥಳಾಂತರ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನೀರು ಯಾರ ಮುಖವನ್ನೂ ನೋಡುವುದಿಲ್ಲ. ನಾನು ಕೇಳುವುದು ಇಷ್ಟೇ, ದನದಿಂದ ಶುರು ಮಾಡಿ. ಹಿಂದಿನ ದಿನ ಮಧ್ಯಾಹ್ನವೇ ದನ ಸಾಗಿಸಲು ಲಾರಿ ಬರಲಿ. ದಿಬ್ಬದ ಮೇಲೆ ಗೂಟ, ನೀರಿನ ತೊಟ್ಟಿ, ಕಣಿಕೆ ಮೇವು, ಒಬ್ಬ ಪಶುವೈದ್ಯರು ಇರಲಿ. ದನ ಹೋದ ದಾರಿಯಲ್ಲೇ ಮನೆಯವರು ಹೊರಡುತ್ತಾರೆ. ಪೊಲೀಸರು ಗದರುವುದೂ ಬೇಕಾಗುವುದಿಲ್ಲ. ಪಂಪ್‌ಸೆಟ್ ಎತ್ತಲು ಹಗಲಲ್ಲೇ ಒಂದು ದಿನ ಸಮಯ ಕೊಡಿ. ಬಸುರಿಯರ, ಹಾಸಿಗೆ ಹಿಡಿದವರ ಹೆಸರು ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಇರುತ್ತದೆ, ಅದನ್ನು ಕೇಳಿ ಪಡೆಯಿರಿ.

ಈ ಜುಲೈನಲ್ಲಿ ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಸೇರಿ ಊರಲ್ಲಿ ದನಗಳ ಪಟ್ಟಿ ಮಾಡಿದ್ದಾರೆ. ಮನೆಮನೆಗೆ ಹೋಗಿ ಎತ್ತು, ಎಮ್ಮೆ, ಆಡು ಎಲ್ಲ ಬರೆದುಕೊಂಡಿದ್ದಾರೆ. ಸೈಕಲ್ ಶೆಡ್‌ಗೆ ಹೊಸ ತಗಡು ಹಾಕಿಸಿದ್ದೇವೆ, ಆಡುಗಳಿಗೆ ಅಂತಲೇ. ದೊಡ್ಡ ದನಗಳಿಗೆ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ. ಲಿಂಗಸುಗೂರು, ದೇವದುರ್ಗ ಕಡೆ ಎತ್ತರದಲ್ಲಿ ಖಾಲಿ ಹೊಲ ಇರುವವರು, ಮೇವಿನ ಬಣವಿ ಮಿಕ್ಕಿರುವವರು ಇದನ್ನು ಓದುತ್ತಿದ್ದರೆ ನಿಮ್ಮ ಪಂಚಾಯ್ತಿಗೆ ಒಂದು ಮಾತು ತಿಳಿಸಿ. ನಾರಾಯಣಪುರಕ್ಕೆ ಒಳಹರಿವು ಏರುತ್ತಾ ಇದೆ.