ಕಚ್ಚಾ ಸೀಮೆಯ ಪಕ್ಕಾ ಆಡಳಿತ

ಸಿಂಧೂ ನದಿಗೆ ಎರಡೂ ಮಗ್ಗುಲಲ್ಲಿ ಮಣ್ಣಿನ ಒಡ್ಡು ಕಟ್ಟಿದ್ದಾರೆ. ಪ್ರವಾಹ ಬಂದಾಗ ಊರು ಕೊಚ್ಚಿಹೋಗದಿರಲೆಂದು ಕಟ್ಟಿದ ಈ ಎರಡು ಒಡ್ಡುಗಳ ನಡುವೆ, ನದಿಯು ವರ್ಷಕ್ಕೊಂದು ಹಾದಿ ಹಿಡಿದು ಹೊರಳಾಡುವ ಅಗಲವಾದ ಭೂಮಿಗೆ ಅಲ್ಲಿಯವರು ‘ಕಚ್ಚಾ’ ಎನ್ನುತ್ತಾರೆ. ಒಡ್ಡಿನ ಹೊರಗಿನ, ರಸ್ತೆ, ಶಾಲೆ, ಠಾಣೆ, ಕಚೇರಿಗಳಿರುವ ಭೂಮಿ ‘ಪಕ್ಕಾ’. ಕಚ್ಚಾ ರಸ್ತೆ, ಪಕ್ಕಾ ಲೆಕ್ಕ ಎಂದು ದಿನಬೆಳಗಾದರೆ ಆಡುವ ನಮಗೆ ಈ ಶಬ್ದಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪಾಕಿಸ್ತಾನದ ಆ ನದೀಬಯಲಿನ ಕಳೆದ ಹತ್ತು ವರ್ಷಗಳ ಸುದ್ದಿಯನ್ನು ಓದುತ್ತ ಬಂದ ನನಗೆ, ಯಾವ ಕಡೆಯದು ಕಚ್ಚಾ, ಯಾವ ಕಡೆಯದು ಪಕ್ಕಾ ಎಂಬುದೇ ತಿರುವುಮುರುವಾಗಿ ಕಾಣತೊಡಗಿದೆ. ಒಡ್ಡಿನ ಒಳಗಿನ ಡಕಾಯಿತರಿಗೆ ದರಪಟ್ಟಿಯಿದೆ, ಪ್ರಚಾರ ವಿಭಾಗವಿದೆ, ವಿದೇಶಾಂಗ ನೀತಿಯೂ ಇದೆ. ಒಡ್ಡಿನ ಹೊರಗಿನವರ ಬಳಿ ಇರುವುದು ಪ್ರತಿ ವರ್ಷವೂ ಘೋಷಣೆಯಾಗುವ ಒಂದು ಅಂತಿಮ ಕಾರ್ಯಾಚರಣೆ.

ಸಿಂಧ್ ಪ್ರಾಂತದ ಘೋಟ್ಕಿ, ಕಶ್ಮೋರ್, ಶಿಕಾರ್‌ಪುರ ಜಿಲ್ಲೆಗಳು ಮತ್ತು ಪಂಜಾಬಿನ ರಹೀಮ್ ಯಾರ್ ಖಾನ್, ರಾಜನ್‌ಪುರ ಜಿಲ್ಲೆಗಳು ಸೇರುವಲ್ಲಿ ಈ ಕಚ್ಚಾ ಸೀಮೆ ಹರಡಿದೆ. ಮಳೆಗಾಲದ ನೀರು ಇಳಿದ ಮೇಲೆ ಉಳಿಯುವ ಮೆಕ್ಕಲು ಮಣ್ಣಿನಲ್ಲಿ ಗೋಧಿ, ಕಬ್ಬು ಸೊಂಪಾಗಿ ಬೆಳೆಯುತ್ತವೆ. ಆಳೆತ್ತರದ ಜೊಂಡು, ನದಿ ಸುತ್ತುವರಿದ ನಡುಗಡ್ಡೆಗಳು, ಎತ್ತಿನ ಗಾಡಿಗೂ ದಾರಿ ಕೊಡದ ಕೆಸರು ಇವೆಲ್ಲ ಅಡಗುವವನಿಗೆ ವರ, ಹುಡುಕುವವನಿಗೆ ಶಾಪ. ಕಾಗದದ ಮೇಲೆ ಇದರಲ್ಲಿ ಸಾಕಷ್ಟು ಭಾಗ ಸರ್ಕಾರಿ ಅರಣ್ಯ. ನೆಲದ ಮೇಲೆ ಮಾತ್ರ ಅದು ಯಾವ ದೊಡ್ಡವರ ಹೊಲವೆಂಬುದು ಊರಿನ ಮಕ್ಕಳಿಗೂ ಗೊತ್ತು. ಪ್ರಾಂತಗಳ ಗಡಿ ಇಲ್ಲಿಯೇ ಹಾದುಹೋಗುವುದರಿಂದ, ಪಂಜಾಬಿನ ಪೊಲೀಸರು ಅಟ್ಟಿದವನು ಸಿಂಧ್‌ಗೆ ಜಿಗಿಯುತ್ತಾನೆ, ಸಿಂಧ್ ಪೊಲೀಸರು ಅಟ್ಟಿದವನು ಪಂಜಾಬಿಗೆ ಮರಳುತ್ತಾನೆ, ಎರಡೂ ಕಡೆಯವರು ತಮ್ಮ ಜಿಲ್ಲೆ ಶುದ್ಧವಾಯಿತೆಂದು ವರದಿ ಕಳುಹಿಸುತ್ತಾರೆ.

ಈ ಸೀಮೆಯ ಮೂಲ ಕಸುಬು ದನಗಳ್ಳತನ. ಕದ್ದ ಎಮ್ಮೆಯನ್ನು ಮರಳಿ ಪಡೆಯಲು ಮಧ್ಯಸ್ಥರ ಮೂಲಕ ಕೊಡುವ ಹಣಕ್ಕೆ ಸಿಂಧಿಯಲ್ಲಿ ‘ಭುಂಗ’ ಎಂಬ ಹೆಸರೇ ಇದೆ. ಒಂದು ಅಪರಾಧಕ್ಕೆ ಇಷ್ಟು ಮುದ್ದಾದ ಹೆಸರು ಬೀಳಬೇಕಾದರೆ ಅದು ಎಷ್ಟು ತಲೆಮಾರುಗಳಿಂದ ವ್ಯವಹಾರವಾಗಿ ನಡೆದಿರಬೇಕೆಂದು ಊಹಿಸಬಹುದು. ಕಾಲ ಬದಲಾದಂತೆ ಎಮ್ಮೆಯ ಜಾಗಕ್ಕೆ ಮನುಷ್ಯ ಬಂದ. ಮನುಷ್ಯನಿಗೆ ಮೇವು ಹಾಕಬೇಕಾಗಿಲ್ಲ, ಫೋನಿನಲ್ಲಿ ಅಳಲು ಬರುತ್ತದೆ, ಅಳುವ ವಿಡಿಯೊ ಮನೆಯವರಿಗೆ ತಲುಪಿದರೆ ಚೌಕಾಸಿ ಬೇಗ ಮುಗಿಯುತ್ತದೆ. ಇನ್ನೂ ದೊಡ್ಡ ಸುಧಾರಣೆಯೆಂದರೆ, ಅಪಹರಿಸಲು ಈಗ ಡಕಾಯಿತರು ಒಡ್ಡು ದಾಟಿ ಬರಬೇಕಾಗಿಲ್ಲ. ಅಪಹೃತರಾಗುವವರೇ ಬಸ್ಸಿನ ಖರ್ಚು ತಾವೇ ಹಾಕಿಕೊಂಡು ಬರುತ್ತಾರೆ. ಫೇಸ್‌ಬುಕ್ಕಿನಲ್ಲಿ ಅರ್ಧ ಬೆಲೆಯ ಟ್ರ್ಯಾಕ್ಟರ್ ಕಾಣಿಸುತ್ತದೆ, ಇಲ್ಲವೇ ಫೋನಿನಲ್ಲಿ ಹೆಣ್ಣಿನ ದನಿ ಕೇಳಿಸುತ್ತದೆ. ಆ ದನಿ ಎಷ್ಟೋ ಸಲ ಮೀಸೆ ಹೊತ್ತ ಗಂಡಸಿನದೇ ಆಗಿದ್ದರೂ, ಪ್ರೇಮದಲ್ಲಿ ಸಿಲುಕಿದವನಿಗೆ ಮೀಸೆ ಕೇಳಿಸುವುದಿಲ್ಲ.

ಇದಕ್ಕೆ ಪೊಲೀಸ್ ಇಲಾಖೆ ಕಂಡುಕೊಂಡ ಪರಿಹಾರ ಫಲಕ. ಹೆಣ್ಣಿನ ದನಿಗೆ ಮರುಳಾಗಬೇಡಿ, ಅಗ್ಗದ ವಾಹನದ ಆಸೆಗೆ ಬಲಿಯಾಗಬೇಡಿ, ಕಚ್ಚಾ ಪ್ರದೇಶಕ್ಕೆ ಹೋಗಬೇಡಿ ಎಂದು ಬರೆಸಿ ಹಾದಿಯಲ್ಲಿ ನಿಲ್ಲಿಸಿದರು, ಒಡ್ಡಿನ ಮೇಲೆ ತಪಾಸಣಾ ಚೌಕಿಗಳನ್ನೂ ಇಟ್ಟರು. ಅಂಥ ಒಂದು ಚೌಕಿಯ ಮುಂದೆ ಸಂಜೆಯ ಹೊತ್ತು ನಿಂತವನನ್ನು ಕಲ್ಪಿಸಿಕೊಳ್ಳಿ. ನಾನೂರು ಮೈಲಿ ದೂರದಿಂದ ಬಂದಿದ್ದಾನೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಿಠಾಯಿ ಡಬ್ಬಿ, ಕಿವಿಯಲ್ಲಿ ಇನ್ನೂ ನಿಲ್ಲದ ಮಧುರ ದನಿ. ಪೇದೆಯು ಮುಂದೆ ಹೋಗಬೇಡಿ ಸ್ವಾಮಿ, ಅದು ಡಕಾಯಿತರ ಜಾಲ ಎನ್ನುತ್ತಾನೆ. ಇವನು ನಿಮಗೆ ಹೊಟ್ಟೆಕಿಚ್ಚು ಎನ್ನುತ್ತಾನೆ. ಕೊನೆಗೆ ಪೇದೆ ಫೋನನ್ನು ಕಸಿದು ಕಿವಿಗಿಟ್ಟುಕೊಂಡರೆ, ಆ ಕಡೆಯಿಂದ ಹೆಣ್ಣಿನ ದನಿ ತಟ್ಟನೆ ಗಂಡಾಗಿ, ಗಿರಾಕಿಯನ್ನು ತಡೆದ ಪೇದೆಯ ವಂಶವನ್ನೆಲ್ಲ ಉದ್ಧರಿಸುತ್ತದೆ. ಹೀಗೆ ತಡೆಯಲ್ಪಟ್ಟವರ ಸುದ್ದಿಯನ್ನು ಪೊಲೀಸರು ಸಾಧನೆಯಾಗಿ ಪ್ರಕಟಿಸುವುದುಂಟು, ಮತ್ತು ಅದು ನಿಜಕ್ಕೂ ಸಾಧನೆಯೇ. ಆದರೆ ಫೋನಿನ ದನಿಯ ಮಾಲೀಕ ಯಾವ ಜೊಂಡಿನ ನಡುವೆ ಕೂತಿದ್ದಾನೆಂದು ಗೊತ್ತಿದ್ದೂ, ಅವನನ್ನು ಬಿಟ್ಟು ಅವನ ಗಿರಾಕಿಗಳಿಗೆ ಬುದ್ಧಿ ಹೇಳುವ ಇಲಾಖೆಗೆ ಪೊಲೀಸ್ ಎನ್ನುವುದೋ ವಯಸ್ಕರ ಶಿಕ್ಷಣ ಎನ್ನುವುದೋ ಎಂಬುದು ನನ್ನ ಸಣ್ಣ ಸಂಶಯ.

ಇನ್ನು ಕಾರ್ಯಾಚರಣೆಗಳ ಮಾತು. 2016ರ ಏಪ್ರಿಲಿನಲ್ಲಿ ರಾಜನ್‌ಪುರದ ನಡುಗಡ್ಡೆಯಲ್ಲಿದ್ದ ಗುಲಾಮ್ ರಸೂಲ್ ಎಂಬವನ ಮೇಲೆ ಪಂಜಾಬ್ ಪೊಲೀಸರು ‘ಜರ್ಬ್-ಎ-ಆಹನ್’, ಅಂದರೆ ಕಬ್ಬಿಣದ ಹೊಡೆತ ಎಂಬ ಹೆಸರಿನಲ್ಲಿ ಮುಗಿಬಿದ್ದರು. ಆ ಗುಲಾಮ್ ರಸೂಲನ ಅಡ್ಡಹೆಸರು ಚೋಟು. ಚೋಟುದ್ದದ ಚೋಟು ಕಬ್ಬಿಣದ ಹೊಡೆತಕ್ಕೆ ಉತ್ತರವಾಗಿ 24 ಮಂದಿ ಪೊಲೀಸರನ್ನೇ ಒತ್ತೆಯಾಳುಗಳನ್ನಾಗಿ ಮಾಡಿಕೊಂಡು ಕೂತ. ಹಲವು ಪೊಲೀಸರು ಪ್ರಾಣ ಕಳೆದುಕೊಂಡರು. ಕೊನೆಗೆ ಸೇನೆ ಬಂದು ಹೆಲಿಕಾಪ್ಟರ್ ಹಾರಿದ ಮೇಲೆ, ಏಪ್ರಿಲ್ 20ರಂದು ಅವನು ಒತ್ತೆಯಾಳುಗಳನ್ನು ಬಿಟ್ಟು ಶರಣಾದ. ಅವನು ಹಿಂದೊಮ್ಮೆ ಪೊಲೀಸರಿಗೇ ಸುಳಿವು ಕೊಡುತ್ತಿದ್ದವನೆಂದು ಅಲ್ಲಿಯ ಪತ್ರಿಕೆಗಳು ಬರೆದವು. ಹಾಗಿದ್ದರೆ ಇಲಾಖೆಯ ಕೆಲಸದ ರೀತಿಯನ್ನು ಅವನಷ್ಟು ಹತ್ತಿರದಿಂದ ಬಲ್ಲವರು ಇಲಾಖೆಯಲ್ಲಿಯೂ ಹೆಚ್ಚು ಮಂದಿ ಇರಲಾರರು.

2021ರ ಮೇ ತಿಂಗಳಲ್ಲಿ ಶಿಕಾರ್‌ಪುರದ ಗಢೀ ತೇಘೋದಲ್ಲಿ ಗುಂಡು ನಿರೋಧಕ ವಾಹನವೇರಿ ಹೋದ ಪೊಲೀಸರಿಗೆ, ಆ ವಾಹನ ಗುಂಡನ್ನು ನಿರೋಧಿಸುವುದಿಲ್ಲವೆಂಬ ಸತ್ಯ ಗುಂಡು ಬಿದ್ದ ಮೇಲಷ್ಟೇ ತಿಳಿಯಿತು. ಡಕಾಯಿತರು ಆ ವಾಹನದ ಮೇಲೆ ಹತ್ತಿ ನಿಂತು ವಿಡಿಯೊ ಮಾಡಿ ಊರಿಗೆಲ್ಲ ಹಂಚಿದರು. ಮರುವರ್ಷ ನವೆಂಬರಿನಲ್ಲಿ ಘೋಟ್ಕಿಯ ರೌಂತಿಯಲ್ಲಿ ಒಬ್ಬ ಡಿವೈಎಸ್ಪಿ ದರ್ಜೆಯ ಅಧಿಕಾರಿಯೂ ಸೇರಿ ಐವರು ಪೊಲೀಸರು ಹತರಾದರು. 2023ರಲ್ಲಿ ಪಂಜಾಬ್ ಸರ್ಕಾರ 11,000 ಪೊಲೀಸರನ್ನು ಕಚ್ಚಾಕ್ಕೆ ಇಳಿಸುತ್ತಿರುವುದಾಗಿ ಘೋಷಿಸಿತು. ಹನ್ನೊಂದು ಸಾವಿರ ಮಂದಿ ಬರುತ್ತಿದ್ದಾರೆಂದು ಮುಂಚಿತವಾಗಿ ಟಿವಿಯಲ್ಲಿ ಹೇಳಿದ್ದು ಎಷ್ಟು ಸೌಜನ್ಯದ ಕೆಲಸವೆಂದರೆ, ನೆಂಟರ ಮನೆಗೆ ಹೋಗುವಾಗ ನಾವೂ ಅಷ್ಟು ಖಚಿತವಾಗಿ ತಲೆ ಎಣಿಸಿ ತಿಳಿಸುವುದಿಲ್ಲ.

ಕಾರ್ಯಾಚರಣೆಗೂ ಪಂಚಾಂಗ ನೋಡಬೇಕಾಗುತ್ತದೆ ಎಂಬುದನ್ನು ಪೇಟೆಯಲ್ಲಿ ಕೂತು ಟೀಕಿಸುವವರು ಮರೆಯುತ್ತಾರೆ. ಆಷಾಢ ಕಳೆದರೆ ನದಿಯಲ್ಲಿ ನೀರು, ಹೋಗುವಂತಿಲ್ಲ. ನೀರು ಇಳಿದರೆ ಕೆಸರು, ಜೀಪು ಹೂತುಹೋಗುತ್ತದೆ. ಕೆಸರು ಒಣಗಿದರೆ ಕಬ್ಬು ಎದೆಮಟ್ಟ ಬಂದಿರುತ್ತದೆ, ಒಳಗೆ ಯಾರಿದ್ದಾರೆಂದು ಕಾಣುವುದಿಲ್ಲ. ಕಬ್ಬು ಕಡಿಯುವ ಹೊತ್ತಿಗೆ ಮಂಜು. ಮಂಜು ಕರಗಿದರೆ ಗೋಧಿ ಕೊಯ್ಲು, ದೊಡ್ಡವರ ಗೋಧಿಯನ್ನು ಬೂಟುಗಾಲಿನಲ್ಲಿ ತುಳಿಯಲಾದೀತೇ? ಇವೆಲ್ಲ ಮುಗಿದು ಉಳಿಯುವ ಏಪ್ರಿಲ್ ತಿಂಗಳಲ್ಲಿ ಒಂದು ಘೋಷಣೆ, ಒಂದು ಹೆಸರು, ಒಂದಷ್ಟು ಫೋಟೊ. ಅಷ್ಟರಲ್ಲಿ ಮತ್ತೆ ಮೋಡ.

2024ರ ಆಗಸ್ಟ್ 22ರ ರಾತ್ರಿ ರಹೀಮ್ ಯಾರ್ ಖಾನಿನ ಮಾಛ್ಕಾ ಎಂಬಲ್ಲಿ ಮಳೆನೀರಿನ ಕೆಸರಿನಲ್ಲಿ ಸಿಕ್ಕಿಬಿದ್ದ ಪೊಲೀಸ್ ವಾಹನಗಳ ಮೇಲೆ ರಾಕೆಟ್ ದಾಳಿ ನಡೆದು 12 ಮಂದಿ ಪೊಲೀಸರು ಸತ್ತರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಕೆಸರಿನಲ್ಲಿ ಹೂತ ವಾಹನವನ್ನು ನೂಕುವ ಪೇದೆಗೆ ಕೊಟ್ಟದ್ದು ರೈಫಲು, ಜೊಂಡಿನ ಮರೆಯವನ ಹೆಗಲ ಮೇಲಿದ್ದದ್ದು ರಾಕೆಟ್ಟು. ಆ ರಾಕೆಟ್ಟು ನದಿಯಲ್ಲಿ ತೇಲಿ ಬರಲಿಲ್ಲ, ಯಾವುದೋ ಪಕ್ಕಾ ರಸ್ತೆಯ ಮೇಲೆ, ಯಾವುದೋ ಪಕ್ಕಾ ಚೌಕಿಯನ್ನು ದಾಟಿಯೇ ಬಂದಿರಬೇಕು.

ನಗು ಬರುವುದು ಆಮೇಲಿನದಕ್ಕೆ. ಪಂಜಾಬ್ ಸರ್ಕಾರ ಎಚ್ಚೆತ್ತು 20 ಮಂದಿ ಕುಖ್ಯಾತರ ತಲೆಗೆ ತಲಾ ಒಂದು ಕೋಟಿ ರೂಪಾಯಿವರೆಗೆ ಬಹುಮಾನ ಘೋಷಿಸಿ, ಹೆಸರು, ಭಾವಚಿತ್ರಗಳೊಂದಿಗೆ ಜಾಹೀರಾತು ಕೊಟ್ಟಿತು, ಸುಳಿವು ತಿಳಿದವರು ಕರೆ ಮಾಡಲೆಂದು ದೂರವಾಣಿ ಸಂಖ್ಯೆಯನ್ನೂ ಅಚ್ಚು ಹಾಕಿಸಿತು. ಕರೆ ಬಂತು. ಮಾಡಿದವನು ಆ ಇಪ್ಪತ್ತು ಮಂದಿಯಲ್ಲೊಬ್ಬ. ತನ್ನ ಅಹವಾಲನ್ನು ಕೇಳದೆ ತಲೆಗೆ ಬೆಲೆ ಕಟ್ಟಿದ್ದು ಹೇಗೆ ಎಂಬುದು ಅವನ ತಕರಾರು. ಸಮಾಜ ಮಾಧ್ಯಮದಲ್ಲಿ ಅಭಿಮಾನಿಗಳನ್ನು ಇಟ್ಟುಕೊಂಡಿದ್ದ ಈ ಮನುಷ್ಯನ ಬಾಯಲ್ಲಿ ಸಹಜ ನ್ಯಾಯದ ತತ್ತ್ವ ಎಷ್ಟು ಸಲೀಸಾಗಿ ಹೊರಟಿತೆಂದರೆ, ಯಾವ ವಕೀಲನೂ ತಲೆದೂಗಬೇಕು. ನನಗೆ ಅವನಿಗಿಂತ ಹೆಚ್ಚು ಕನಿಕರ ಹುಟ್ಟಿದ್ದು ಆ ಕಡೆ ಫೋನೆತ್ತಿದ ಗುಮಾಸ್ತನ ಮೇಲೆ. ಅವನ ಮುಂದಿದ್ದ ನಮೂನೆಯಲ್ಲಿ ‘ಸುಳಿವು ನೀಡುವವರ ಹೆಸರು’, ‘ಆರೋಪಿಯ ಹೆಸರು’ ಎಂಬ ಎರಡು ಖಾನೆಗಳಿದ್ದಿರಬೇಕು. ಎರಡರಲ್ಲೂ ಒಂದೇ ಹೆಸರು ಬರೆಯಲು ನಿಯಮದಲ್ಲಿ ಅವಕಾಶವಿದೆಯೇ, ಇದ್ದರೆ ಬಹುಮಾನದ ಒಂದು ಕೋಟಿ ಯಾರಿಗೆ ಸಂದಾಯವಾಗಬೇಕು ಎಂದು ಅವನು ಮೇಲಧಿಕಾರಿಗೆ ಟಿಪ್ಪಣಿ ಹಾಕದೇ ಇದ್ದಾನೆಯೇ? ಕುತೂಹಲದ ಸಂಗತಿಯೆಂದರೆ, ಕರೆ ಮಾಡಿದವನು ನಿಶ್ಚಿಂತೆಯಿಂದ ಮಾತಾಡಿದ. ಕರೆಯ ಜಾಡು ಹಿಡಿದು ಯಾರಾದರೂ ಬಂದಾರೆಂಬ ಅಳುಕು ಅವನಿಗಿರಲಿಲ್ಲ. ಆ ಮಟ್ಟಿಗೆ ಸರ್ಕಾರದ ಮೇಲೆ ವಿಶ್ವಾಸವಿಟ್ಟ ಪ್ರಜೆ ಪಕ್ಕಾ ಸೀಮೆಯಲ್ಲಿ ಸಿಗುವುದು ಕಷ್ಟ.

ವಿದೇಶಾಂಗ ನೀತಿಯೆಂದೆನಲ್ಲ, ಅದು ಅಲಂಕಾರದ ಮಾತಲ್ಲ. 2023ರಲ್ಲಿ ಪಬ್‌ಜಿ ಆಟದ ಮೂಲಕ ಪರಿಚಯವಾದವನನ್ನು ಹುಡುಕಿಕೊಂಡು ಸಿಂಧ್‌ನ ಒಬ್ಬ ಮಹಿಳೆ ನೇಪಾಳದ ಹಾದಿಯಲ್ಲಿ ನಮ್ಮ ನೋಯ್ಡಾದ ಕಡೆಗೆ ಬಂದಾಗ, ಕಚ್ಚಾದಿಂದಲೂ ಒಂದು ಹೇಳಿಕೆ ಹೊರಬಿತ್ತು. ಆಕೆಯನ್ನು ಹಿಂದಕ್ಕೆ ಕಳುಹಿಸದಿದ್ದರೆ ಸಿಂಧ್‌ನ ಹಿಂದೂ ಮಂದಿರಗಳ ಮೇಲೆ ದಾಳಿ ಮಾಡುತ್ತೇವೆಂದು ಡಕಾಯಿತರು ವಿಡಿಯೊ ಬಿಟ್ಟರು, ಜುಲೈಯಲ್ಲಿ ಕಶ್ಮೋರ್ ಜಿಲ್ಲೆಯ ಒಂದು ಪುಟ್ಟ ಮಂದಿರದ ಮೇಲೆ ರಾಕೆಟ್ ಹಾರಿಸಿಯೂ ಬಿಟ್ಟರು. ಹೆಣ್ಣಿನ ದನಿಯಲ್ಲಿ ಮಾತಾಡಿ ಗಂಡಸರನ್ನು ಗಡಿ ದಾಟಿಸುವುದೇ ದಂಧೆಯಾದವರಿಗೆ, ಫೋನಿನ ಪ್ರೇಮಕ್ಕೆ ಮನಸೋತು ಒಬ್ಬಳು ಗಡಿ ದಾಟಿದಳೆಂಬ ಸುದ್ದಿ ಅಷ್ಟೊಂದು ನೈತಿಕ ಆಘಾತವನ್ನುಂಟುಮಾಡಿತು. ದಾಳಿಯಲ್ಲಿ ಬೆದರಿದ್ದು ಮಾತ್ರ ಆ ಮಂದಿರದ ಬಡ ಬಾಗ್ರಿ ಸಮುದಾಯದವರು. ಅವರಲ್ಲಿ ಯಾರೂ ಯಾರೊಂದಿಗೂ ಪಬ್‌ಜಿ ಆಡಿರಲಿಲ್ಲ.

ಇಷ್ಟು ಓದಿ ಮೀಸೆಯಡಿ ನಗುವ ಕನ್ನಡಿಗರಿಗೆ ಒಂದು ಮಾತನ್ನು ನೆನಪಿಸಬೇಕು. 2000ದ ಜುಲೈ 30ರಿಂದ 108 ದಿನ ನಮ್ಮ ಎರಡು ರಾಜ್ಯಗಳ ಸರ್ಕಾರಗಳು ಕಾಡಿನಿಂದ ಬರುವ ಕ್ಯಾಸೆಟ್ಟಿಗಾಗಿ ಕಿವಿ ತೆರೆದು ಕೂತಿದ್ದವು. ನಮ್ಮವನ ಕಾಲದಲ್ಲಿ ಯೂಟ್ಯೂಬ್ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ. ಬೇಡಿಕೆಗಳ ಪಟ್ಟಿ, ಸಂಧಾನಕಾರರ ಯಾತ್ರೆ, ಇಂದೋ ನಾಳೆಯೋ ಹಿಡಿಯುತ್ತೇವೆಂಬ ಭರವಸೆ ಎಲ್ಲವೂ ಇದ್ದವು. ಆ ಕಾಡಿನವನು 2004ರವರೆಗೆ ಉಳಿದದ್ದು ಬರೀ ಮರಗಳ ನೆರಳಿನಲ್ಲಲ್ಲ ಎಂಬುದು ಮಲೆ ಮಹದೇಶ್ವರ ಬೆಟ್ಟದ ಸುತ್ತಿನವರಿಗೆ ಗೊತ್ತಿದ್ದ ಮಾತೇ.

ಸಿಂಧ್‌ನಲ್ಲಿ ಆ ನೆರಳಿಗೂ ಹೆಸರಿದೆ: ಪಥಾರಿದಾರ. ಡಕಾಯಿತನಿಗೆ ಆಶ್ರಯ ಕೊಡುವ, ಕದ್ದದ್ದರಲ್ಲಿ ಪಾಲು ಪಡೆಯುವ, ಚುನಾವಣೆ ಬಂದಾಗ ಅವನ ಬಂದೂಕನ್ನು ಎರವಲು ತರುವ, ಉಳಿದ ದಿನಗಳಲ್ಲಿ ಕಾನೂನು ಸುವ್ಯವಸ್ಥೆ ಹದಗೆಟ್ಟಿತೆಂದು ಭಾಷಣ ಮಾಡುವ ದೊಡ್ಡವನು. 1992ರಲ್ಲಿ ಸೇನೆಯು ಸಿಂಧ್‌ನ ಡಕಾಯಿತರನ್ನು ಮಟ್ಟಹಾಕಲೆಂದು ಕಾರ್ಯಾಚರಣೆಗೆ ಇಳಿದಾಗ ಇಂಥ 72 ‘ದೊಡ್ಡ ಮೀನು’ಗಳ ಪಟ್ಟಿಯೊಂದು ಬಹಳ ಸುದ್ದಿಯಾಗಿತ್ತು. ಆಮೇಲೆ ಕಾರ್ಯಾಚರಣೆ ನದೀಬಯಲನ್ನು ಬಿಟ್ಟು ಕರಾಚಿಯ ಬೀದಿಗಳತ್ತ ಹೊರಳಿತು, ಪಟ್ಟಿ ಎಲ್ಲೋ ಕಡತದ ಕೆಳಗೆ ಸೇರಿತು. ಮೂವತ್ತಮೂರು ವರ್ಷಗಳ ನಂತರ, 2025ರ ಅಕ್ಟೋಬರಿನಲ್ಲಿ, ಸಿಂಧ್ ಸರ್ಕಾರದ ಹೊಸ ಶರಣಾಗತಿ ನೀತಿಯಂತೆ ಶಿಕಾರ್‌ಪುರದಲ್ಲಿ ಸಮಾರಂಭ ನಡೆದು ಡಕಾಯಿತರು ಆಯುಧಗಳನ್ನು ಒಪ್ಪಿಸಿದರು. ಶರಣಾದವರ ಸಂಖ್ಯೆ 72.

ಅಂಕಿಗೆ ಅಂಕಿ ತಾಳೆಯಾಯಿತೆಂದು ಯಾರಾದರೂ ದಕ್ಷ ಗುಮಾಸ್ತ ಹಳೆಯ ಕಡತವನ್ನು ಮುಕ್ತಾಯಗೊಳಿಸಿದ್ದರೆ ಅವನನ್ನು ದೂರಬಾರದು. ಮೀನುಗಳ ಜಾತಿ ಬೇರೆಯೆಂದು ಹೇಳುವವರು ಹೇಳಿಕೊಳ್ಳಲಿ. ಸಿಂಧಿಗಳು ಪ್ರಾಣಕ್ಕಿಂತ ಹೆಚ್ಚಾಗಿ ಇಷ್ಟಪಡುವ ಪಲ್ಲಾ ಮೀನು ಹಿಂದೆ ಸಮುದ್ರದಿಂದ ಹೊರಟು ಪ್ರವಾಹಕ್ಕೆ ಎದುರೀಜುತ್ತ ಸುಕ್ಕೂರಿನ ತನಕ ಬರುತ್ತಿತ್ತು. 1955ರಲ್ಲಿ ಕೋಟ್ರಿ ಬ್ಯಾರೇಜು ಎದ್ದ ಮೇಲೆ ಅದಕ್ಕೆ ಮೇಲಕ್ಕೆ ಹೋಗುವ ದಾರಿ ತಪ್ಪಿತು. ಪಟ್ಟಿಯಲ್ಲಿದ್ದ ಆ 72 ಮೀನುಗಳಿಗೆ ಮಾತ್ರ ಯಾವ ಬ್ಯಾರೇಜೂ ಮೇಲಕ್ಕೆ ಹೋಗಲು ಅಡ್ಡಿಯಾದ ಸುದ್ದಿ ಈವರೆಗೆ ಬಂದಿಲ್ಲ.