ಡಾಟ್ ಕಾವೇರಿಗೆ ಎರಡು ಕೋಟಿ

ಇಂಟರ್‌ನೆಟ್ ವಿಳಾಸದ ಕೊನೆಯಲ್ಲಿ ಒಂದು ಚುಕ್ಕಿ, ಅದರ ಮುಂದೆ ಕಾಮ್, ಆರ್ಗ್, ಇನ್ ಅಂತೆಲ್ಲ ಇರುತ್ತಲ್ಲ, ಆ ಬಾಲಕ್ಕೆ ಹೊಸ ಹೆಸರು ಬೇಕಿದ್ದವರು 2026ರ ಏಪ್ರಿಲ್ 30ರಿಂದ ಆಗಸ್ಟ್ 12ರೊಳಗೆ ಅರ್ಜಿ ಹಾಕಬೇಕು. ಕೊಡುವವರು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ, ಇಂಟರ್‌ನೆಟ್ ಹೆಸರುಗಳ ಉಸ್ತುವಾರಿ ನೋಡೋ ಐಕ್ಯಾನ್ ಅನ್ನೋ ಸಂಸ್ಥೆ. ಶುಲ್ಕ 2,27,000 ಡಾಲರ್. ನಮ್ಮ ದುಡ್ಡಲ್ಲಿ ಸುಮಾರು ಎರಡು ಕೋಟಿ. ಇದು ಬರೀ ಅರ್ಜಿಗೆ. ಹೆಸರು ಸಿಕ್ಕರೆ ವರ್ಷಾವರ್ಷ ಕಟ್ಟೋದು ಬೇರೆ.

ಕೈಲಾಗದವರಿಗೆ ರಿಯಾಯಿತಿ ಇತ್ತು, ಇಲ್ಲ ಅಂತಲ್ಲ. ಅದಕ್ಕೆ ಬೇರೆ ಅರ್ಜಿ. ಅದರ ಗಡುವು 2025ರ ಡಿಸೆಂಬರ್‌ನಲ್ಲೇ ಮುಗಿದಿದೆ. ಸಿಕ್ಕಿದ್ದರೂ, ಹೆಚ್ಚೆಂದರೆ ಶೇಕಡಾ 85 ಕಳೆದು, ಕಮ್ಮಿ ಅಂದರೂ ಸುಮಾರು ಮೂವತ್ತು ಲಕ್ಷ ಕಟ್ಟಬೇಕಿತ್ತು. ಮಂಡ್ಯದ ರೈತ ಕಬ್ಬಿನ ಬಾಕಿ ಬಂದ ಮೇಲೆ ಕಟ್ಟುತ್ತೇನೆ ಅಂದರೆ ಒಪ್ಪುತ್ತಿದ್ದರೋ ಏನೋ.

ಸುಮ್ನೆ ಹೆಸರಿಗೆ ಇಷ್ಟು ಯಾಕೆ ಅಂತೀರಾ? ನಿಯಮ ಬರೆಯೋದು ಸುಲಭ ಅಲ್ಲ ಸ್ವಾಮಿ. 2005ರಲ್ಲಿ ಚರ್ಚೆ ಶುರುವಾಗಿ, 2011ರಲ್ಲಿ ಒಪ್ಪಿಗೆ ಸಿಕ್ಕಿ, 2012ರಲ್ಲಿ ಅರ್ಜಿ ಕರೆಯುವ ಮೊದಲ ದೊಡ್ಡ ಸುತ್ತು ಶುರು ಮಾಡಿದರು. ಮುನ್ನೂರಕ್ಕೂ ಜಾಸ್ತಿ ಪುಟದ ಮಾರ್ಗದರ್ಶಿ. ಈ ಸುತ್ತಿನ ಅರ್ಜಿ ಮುಗಿದ ಒಂದು ವರ್ಷದೊಳಗೆ ಮುಂದಿನ ಸುತ್ತು ಶುರು ಮಾಡುವುದು ನಮ್ಮ ಗುರಿ ಅಂತ ಅದರಲ್ಲೇ ಬರೆದಿದ್ದರು. ಆ ಒಂದು ವರ್ಷ ಮುಗಿಯೋಕೆ ಹದಿನಾಲ್ಕು ವರ್ಷ ಹಿಡಿಯಿತು. ನಮ್ಮ ಗುತ್ತಿಗೆದಾರರನ್ನು ಸುಮ್ನೆ ಬಯ್ಯುತ್ತೇವೆ.

ಆಗ ಬಂದ ಅರ್ಜಿಗಳು 1,930. ಯಾವುದನ್ನು ಮೊದಲು ನೋಡೋದು? ಅದಕ್ಕೆ ಬಿಲ್ವಿದ್ಯೆ ಸ್ಪರ್ಧೆ ಅಂತ ಒಂದು ಯೋಜನೆ ಮಾಡಿದರು. ಅರ್ಜಿದಾರರು ಒಂದು ಸಮಯ ಗೊತ್ತು ಮಾಡಿಕೊಂಡು, ಸರಿಯಾಗಿ ಆ ಕ್ಷಣಕ್ಕೆ ಕಂಪ್ಯೂಟರಿನಲ್ಲಿ ಬಟನ್ ಒತ್ತಬೇಕು. ಎಷ್ಟು ಹತ್ತಿರ ಒತ್ತಿದರೋ ಅಷ್ಟು ಮುಂದೆ ಸರದಿ. ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಗುರಿ ಇಡೋ ಅಂಗಡಿ ಇರುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಗಲಾಟೆಯಾಗಿ ಅದನ್ನು ಕೈಬಿಟ್ಟರು. ಕೊನೆಗೆ ಡಿಸೆಂಬರ್‌ನಲ್ಲಿ ನೂರು ಡಾಲರ್ ಟಿಕೆಟ್ ಮಾರಿ, ಕೈಯಲ್ಲಿ ಚೀಟಿ ಎತ್ತಿದರು. ಇಡೀ ಜಗತ್ತಿನ ಇಂಟರ್‌ನೆಟ್ಟಿನ ಸರದಿ ತೀರ್ಮಾನ ಆಗಿದ್ದು ಕಾಗದದ ಚೀಟಿಯಲ್ಲಿ.

ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಟ್ರಕ್ಕಿನ ಹೆಸರು ಅಂತ ಡಾಟ್ ರಾಮ್ ಕೇಳಿತು. ನಮ್ಮ ಕೇಂದ್ರ ಸರ್ಕಾರ ಆಕ್ಷೇಪ ಎತ್ತಿತು. ರಾಮನನ್ನು ನಂಬಿ ಟ್ರಕ್ ಓಡಿಸೋರು ನಮ್ಮಲ್ಲೂ ಇದ್ದಾರೆ, ಅದು ಬೇರೆ ವಿಷಯ.

ನಮಗೆ ಪಾಠ ಇರೋದು ಡಾಟ್ ಅಮೆಜಾನ್‌ನಲ್ಲಿ. 2012ರಲ್ಲಿ ಅಮೆಜಾನ್ ಕಂಪನಿ ಅದನ್ನು ಕೇಳಿತು. ನದಿ ನಮ್ಮದು ಅಂತ ಬ್ರೆಜಿಲ್, ಪೆರು ತಗಾದೆ ತೆಗೆದವು. ಐಕ್ಯಾನ್ ಮೊದಲು ಆಗಲ್ಲ ಅಂತು, ಕಂಪನಿ ಮೇಲ್ಮನವಿಗೆ ಹೋಗಿ ಗೆದ್ದಿತು. ನಡುವೆ ರಾಜಿಗೆ ಅಂತ ಆ ದೇಶಗಳಿಗೆ ಐವತ್ತು ಲಕ್ಷ ಡಾಲರ್ ಬೆಲೆಯ ಕಿಂಡಲ್ ಮತ್ತಿತರ ಸೌಲಭ್ಯ ಕೊಡುತ್ತೇವೆ ಅಂದಿತು. ನದಿಯವರಿಗೆ ಓದೋ ಯಂತ್ರ! ಅವರು ಒಪ್ಪಲಿಲ್ಲ. 2020ರಲ್ಲಿ ಹೆಸರು ಕಂಪನಿಗೇ ಹೋಯಿತು.

ಈಗ ಯೋಚನೆ ಮಾಡಿ, ಯಾರಾದರೂ ಡಾಟ್ ಕಾವೇರಿ ಕೇಳಿದರೆ? ಮಂಡ್ಯದ ಸಂಜಯ ಸರ್ಕಲ್‌ನಲ್ಲಿ ಅವತ್ತೇ ರಸ್ತೆ ತಡೆ. ತಮಿಳುನಾಡು ಸುಪ್ರೀಂ ಕೋರ್ಟಿಗೆ. ಕೇರಳ, ಪುದುಚೇರಿ ಹಿಂದಿನಿಂದ. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ ಅಂತಿಮ ತೀರ್ಪು ಕೊಟ್ಟಿದ್ದು 2007ರಲ್ಲಿ. ಹೆಸರಿಗೂ ಒಂದು ಮಂಡಳಿ ಮಾಡಿದರೆ, ಜೂನ್‌ನಿಂದ ಮೇವರೆಗೆ ಯಾವ ತಿಂಗಳು ಯಾರು ಎಷ್ಟು ವೆಬ್‌ಸೈಟ್ ಬಿಡಬೇಕು ಅಂತ ಪಟ್ಟಿ ಬರುತ್ತದೆ. ಮಳೆ ಕಮ್ಮಿಯಾದ ವರ್ಷಕ್ಕೆ ಸಂಕಷ್ಟ ಸೂತ್ರ ಬೇರೆ.

ಮೈಸೂರಿನವರು ಜಾಸ್ತಿ ನಗಬೇಡಿ. 2012ರಲ್ಲಿ ಯಾರೋ ಪುಣ್ಯಾತ್ಮರು ನಿಮ್ಮೂರಿನ ಹಳೇ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಕೋಟಿ ಹತ್ತಿರ ಕಟ್ಟಿದ್ದರು ಅಂತಿಟ್ಟುಕೊಳ್ಳಿ. 2014ರ ನವೆಂಬರ್ 1ಕ್ಕೆ ಸರ್ಕಾರ ಸ್ಪೆಲ್ಲಿಂಗನ್ನೇ ಬದಲಾಯಿಸಿತು. ಊರಿನ ಹೆಸರಿಟ್ಟು ಊರಿಗಾಗಿ ನಡೆಸೋದಾದರೆ ಅಲ್ಲಿನ ಆಡಳಿತದ ಒಪ್ಪಿಗೆ ಪತ್ರ ಬೇಕು ಅಂತಲೂ ನಿಯಮ ಇದೆ. ಒಂದು ಸೈಟಿನ ಖಾತೆ ಮಾಡಿಸಿಕೊಂಡವರಿಗೆ ಈ ಸಾಲು ಓದಿದರೇ ಮಂಡಿ ನೋವು ಬರುತ್ತದೆ.

ಇಷ್ಟಕ್ಕೂ ನಮಗೆ ಹೆಸರಿನ ಬರ ಇಲ್ಲ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಅನ್ನೋ ಬಾಲ ಇದೆ. ಅದರಲ್ಲಿ ಒಂದು ಇಮೇಲ್ ಮಾಡಿಕೊಂಡು ಯಾವುದಾದರೂ ಆನ್‌ಲೈನ್ ಅರ್ಜಿಯಲ್ಲಿ ತುಂಬಿ ನೋಡಿ. ಬಹಳ ಕಡೆ 'ಸರಿಯಾದ ಇಮೇಲ್ ವಿಳಾಸ ನಮೂದಿಸಿ' ಅಂತ ಕೆಂಪಕ್ಷರ ಬರುತ್ತದೆ. ಮಂಡ್ಯದ ಸೈಬರ್ ಸೆಂಟರಿನ ಹುಡುಗನಿಗೆ ಇದೆಲ್ಲ ಗೊತ್ತು. ಬೆಳೆ ವಿಮೆ, ಸ್ಕಾಲರ್‌ಶಿಪ್, ಪಿಂಚಣಿ, ಯಾರ ಅರ್ಜಿ ಬಂದರೂ ಇಮೇಲ್ ಜಾಗದಲ್ಲಿ ಅವನು ತನ್ನ ಜಿಮೇಲನ್ನೇ ಹಾಕುತ್ತಾನೆ. "ಬುಡಣ್ಣೋ, ಏನಾರ ಬಂದ್ರೆ ನಾನೇ ಫೋನ್ ಮಾಡ್ತೀನಿ. ಇಪ್ಪತ್ ರೂಪಾಯಿ ಕೊಡು."