ಹೊಲ ಇಲ್ಲದವರ ಹುಣ್ಣಿಮೆ

"ಮತ್ತ ಹೊಲ ಇಲ್ದವ್ರು ಏನ್ ಮಾಡ್ತಾರ್ರೀ?"

ಕೇಳಿದ್ದು ಸೊಲ್ಲಾಪುರದಲ್ಲಿ ನಮ್ಮ ಎದುರು ಮನೆಯ ಕಾಕು. ಚುಚ್ಚಬೇಕು ಅಂತ ಕೇಳಿದ್ದಲ್ಲ. ಟೆರೇಸಿನ ಮೇಲೆ ಪೇಪರ್ ಹಾಸಿಕೊಂಡು ಪಿಸ್ತಾ ಸಿಪ್ಪೆ ಬಿಡಿಸುತ್ತಾ ಕೂತಿದ್ದರು. ಕೋಜಾಗಿರಿ ದಿನ, ಅಂದರೆ ಇಲ್ಲಿಯವರು ರಾತ್ರಿ ಮಸಾಲೆ ಹಾಲು ಕಾಯಿಸಿ ಕುಡಿಯುವ ಹುಣ್ಣಿಮೆಗೆ, ನಿಮ್ಮ ಊರಲ್ಲಿ ಏನು ವಿಶೇಷ ಅಂದಿದ್ದಕ್ಕೆ ನಾನು ಹುರುಪಿನಿಂದ, ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ನಮ್ಮ ಶೀಗಿ ಹುಣ್ಣಿಮೆಯ ವರ್ಣನೆ ಶುರು ಮಾಡಿದ್ದೆ. ಎತ್ತಿನ ಬಂಡಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು, ಎಡೆಯನ್ನು ಹೊಲಕ್ಕೆ ಚೆಲ್ಲುವ ಚರಗ, ಹುಲಿಗ್ಯೋ ಅನ್ನುವ ಕೂಗು. ಒಂದನ್ನೂ ಬಿಡಲಿಲ್ಲ. ಕಾಕು ಎಲ್ಲ ಕೇಳಿಸಿಕೊಂಡು, ಛಲೋ ಐತಿ ಅಂದು, ಈ ಒಂದೇ ಪ್ರಶ್ನೆ ಕೇಳಿದರು. ನಾನು ಸುಮ್ಮನಾದೆ. ಉತ್ತರ ಗೊತ್ತಿತ್ತು, ಹೇಳಲು ಮನಸ್ಸಾಗಲಿಲ್ಲ.

ಹೊಲ ಇಲ್ಲದವರು ಅಂದರೆ ನಾವೇ. ಅಪ್ಪ ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆ ಮಾಸ್ತರ. ನಮ್ಮ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ. ಶೀಗಿ ಹುಣ್ಣಿಮೆ ದಿನ ಬೆಳಿಗ್ಗೆ ಜಳಕ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂರುವುದು. ಯಾರ ಬಂಡಿ ನಮ್ಮ ಮನೆ ಮುಂದೆ ನಿಲ್ಲುತ್ತದೆ ಅಂತ ಕಾಯುವುದು. ಬಂಡಿಗಳು ಗೆಜ್ಜೆ ಸದ್ದು ಮಾಡಿಕೊಂಡು ಒಂದರ ಹಿಂದೊಂದು ಹೋಗುತ್ತಿದ್ದವು. ಅವ್ವ ಒಳಗೆ ಬುತ್ತಿ ಕಟ್ಟಿಯೇ ಇಟ್ಟಿರುತ್ತಿದ್ದಳು, ಆದರೆ ಅದನ್ನು ಹೊರಗೆ ತಂದು ಇಡುತ್ತಿರಲಿಲ್ಲ. ಕರೆಯುವ ಮೊದಲೇ ತಯಾರಾಗಿದ್ದಾರೆ ಅಂತ ಯಾರೂ ಅಂದುಕೊಳ್ಳಬಾರದಲ್ವಾ.

ಹೊಲಕ್ಕೆ ಹೋದ ಮೇಲೂ ನಾವು ಬಂದವರೇ. ಪೂಜೆ ಅವರದು, ಎಡೆ ಅವರದು. ಚರಗ ಚೆಲ್ಲುವುದು ಹೊಲದ ಯಜಮಾನ, ಇಲ್ಲ ಅವನ ಮಗ. ನನಗೆ ಹಿಂದೆ ಹುಲಿಗ್ಯೋ ಅಂತ ಕೂಗುತ್ತಾ ಓಡುವ ಕೆಲಸ.

ಅದಕ್ಕೇ ಸೊಲ್ಲಾಪುರಕ್ಕೆ ಬಂದ ವರ್ಷದ ಕೋಜಾಗಿರಿ ನನಗೆ ಇನ್ನೂ ನೆನಪಿದೆ. ಅದೇ ಆಶ್ವೀಜ ಹುಣ್ಣಿಮೆ. ಜುಳೆ ಸೊಲ್ಲಾಪುರದಲ್ಲಿ ಬಾಡಿಗೆ ಮನೆ, ಯಾರ ಪರಿಚಯವೂ ಇಲ್ಲ. ಸಂಜೆ ಸೊಸೈಟಿಯವರು ಬಾಗಿಲು ತಟ್ಟಿ ವರ್ಗಣಿ, ಅಂದರೆ ವಂತಿಗೆ, ಕೇಳಿದರು. ಕೊಟ್ಟೆ. ರಾತ್ರಿ ಮೇಲೆ ಹೋದರೆ ಅಗಲ ಬಾಯಿಯ ಹಿತ್ತಾಳೆ ಪಾತೇಲಿಯಲ್ಲಿ ಹಾಲು ಕುದಿಯುತ್ತಿತ್ತು. ತಿರುವುತ್ತಿದ್ದವರಿಗೆ ಫೋನ್ ಬಂತು. ಎದುರಿಗೆ ಸಿಕ್ಕಿದ್ದು ನಾನು. "ತಿರುವ್ರಿ, ತಳ ಹಿಡೀಬಾರದು" ಅಂತ ಸೌಟು ನನ್ನ ಕೈಗೆ ಕೊಟ್ಟು ಹೋದವರು ಬಹಳ ಹೊತ್ತು ಬರಲೇ ಇಲ್ಲ. ಹೆಸರನ್ನೂ ಕೇಳಿರಲಿಲ್ಲ. ಆವತ್ತು ಇಡೀ ಬಿಲ್ಡಿಂಗಿನ ಹಾಲು ನನ್ನ ಕೈಯಲ್ಲಿತ್ತು.

ನನ್ನ ತಕರಾರು ಇಷ್ಟೇ. ನಮ್ಮ ಹುಣ್ಣಿಮೆಗೆ ಹೊಲ ಬೇಕು. ಮಲೆನಾಡಿನವರ ಭೂಮಿ ಹುಣ್ಣಿಮೆಗೂ ಗದ್ದೆಯೋ ತೋಟವೋ ಬೇಕು. ಇವರ ಹುಣ್ಣಿಮೆಗೆ ಒಂದು ಪಾತ್ರೆ ಹಾಲು ಸಾಕು. ಹೊಲ ಮಾರಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ನಮ್ಮ ಮಂದಿಗೆ ಶೀಗಿ ಹುಣ್ಣಿಮೆ ಕ್ಯಾಲೆಂಡರಿನ ಒಂದು ಚೌಕ ಮಾತ್ರ. ಹೋದ ಸಲ ಹಬ್ಬದ ದಿನ ತಮ್ಮನಿಗೆ ಫೋನ್ ಮಾಡಿದರೆ, "ಇವತ್ತೇನ್ ಐತಿ?" ಅಂದ. ಅವನು ಇರುವುದು ಗದಗದಲ್ಲೇ! ಇಲ್ಲಿ ಮಾತ್ರ ಗಿರಣಿ ಮುಚ್ಚಿದವು, ಹೊಲ ಹೋದವು, ವಾಡೆ ಒಡೆದು ಫ್ಲಾಟ್ ಎದ್ದವು. ಆದರೂ ಕೋಜಾಗಿರಿ ನೆಲ ಬಿಟ್ಟು ಟೆರೇಸ್ ಹತ್ತಿ ಆರಾಮಾಗಿ ಕೂತಿದೆ.

ನಮ್ಮ ಬಿಲ್ಡಿಂಗ್ ಅಂದರೆ ಸೊಲ್ಲಾಪುರವೇ. ಎರಡು ಮಹಡಿ ಮರಾಠಿ. ಅಕ್ಕಲಕೋಟೆ ಕಡೆಯ ಕನ್ನಡದವರು ಒಂದಷ್ಟು ಮಂದಿ. ಮಗ್ಗದ ಕೆಲಸಕ್ಕೆ ತೆಲಂಗಾಣದಿಂದ ಬಂದ ಪದ್ಮಸಾಲಿಗಳ ಮೊಮ್ಮಕ್ಕಳು ತೆಲುಗು. ಕಾಕು ಸಿದ್ಧರಾಮನ ಭಕ್ತೆ. ಸಂಕ್ರಾಂತಿಗೆ ನಂದಿಕೋಲು ಬರುವಾಗ ಅವರ ಕನ್ನಡ ಕೇಳಬೇಕು, ಕೋಜಾಗಿರಿಗೆ ಅವರ ಮರಾಠಿ ಕೇಳಬೇಕು. ಯಾವುದು ಯಾವಾಗ ಬರುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಗಡಿ ಜಗಳ ಟಿವಿಯಲ್ಲಿ ಬಂದರೆ ಚಾನೆಲ್ ಬದಲಾಯಿಸುತ್ತಾರೆ.

ಹಾಲಿನ ವಿಷಯಕ್ಕೆ ಮಾತ್ರ ಕಾಕು ಯಾರ ಮಾತೂ ಕೇಳುವುದಿಲ್ಲ. ಎಮ್ಮೆ ಹಾಲೇ ಬೇಕು, ಅದೂ ಗೌಳಿಗರ ಮನೆಯದು. ಪಂಢರಪುರಿ ಎಮ್ಮೆ ಈ ಭಾಗದ್ದೇ ತಳಿ, ಭುಜ ದಾಟಿ ಹಿಂದಕ್ಕೆ ಹೋದ ಕತ್ತಿಯಂಥ ಕೋಡು. ಅದು ಸಿಗದಿದ್ದರೆ 6 ಪರ್ಸೆಂಟ್ ಕೊಬ್ಬಿನ ಪ್ಯಾಕೆಟ್ ಹಾಲು. 3 ಪರ್ಸೆಂಟಿನ ಟೋನ್ಡ್ ಹಾಲನ್ನು ಎಷ್ಟು ಕುದಿಸಿದರೂ ಅದು ಮಸಾಲೆ ಹಾಕಿದ ನೀರೇ ಅನ್ನುವುದು ಅವರ ಖಚಿತ ಅಭಿಪ್ರಾಯ. ಪಾತ್ರೆಯನ್ನು ಮೊದಲು ನೀರಲ್ಲಿ ತೊಯ್ಸಿ, ಒರೆಸದೆ ಹಾಲು ಸುರಿಯಬೇಕು. ಹಾಗಾದರೆ ತಳ ಬೇಗ ಹಿಡಿಯುವುದಿಲ್ಲ. ಒಂದು ಕುದಿ ಬಂದ ಮೇಲೆ ಉರಿ ಸಣ್ಣ. ಕೆನೆ ಕಟ್ಟಿದ ಹಾಗೆಲ್ಲ ಅದನ್ನು ಪಾತ್ರೆಯ ಗೋಡೆಗೆ ಸರಿಸಿ, ಆಮೇಲೆ ಕೆರೆದು ಮತ್ತೆ ಹಾಲಿಗೇ ಬಿಡುವುದು. ಒಂದು ಲೀಟರ್ ಮುಕ್ಕಾಲು ಲೀಟರಿಗೆ ಬಂದರೆ ಸಾಕು. ಅದಕ್ಕಿಂತ ಜಾಸ್ತಿ ಬತ್ತಿಸಿದರೆ ಕುಡಿಯುವುದಲ್ಲ, ಬಾಸುಂದಿ ಅಂತ ಚಮಚದಲ್ಲಿ ತಿನ್ನಬೇಕಾಗುತ್ತದೆ.

ಮಸಾಲೆ ಪುಡಿ ಹಿಂದಿನ ದಿನವೇ ಆಗಬೇಕು. ಲೀಟರಿಗೆ ಹತ್ತು ಹತ್ತು ಬಾದಾಮಿ, ಗೋಡಂಬಿ, ಪಿಸ್ತಾ. ಉಪ್ಪು ಹಾಕಿದ ಪಿಸ್ತಾ ತಂದರೆ ಕಾಕು ವಾಪಸ್ ಕಳಿಸುತ್ತಾರೆ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು, ಜೊತೆಗೆ ಒಂದು ಚಮಚ ಸಕ್ಕರೆ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಅರ್ಧ ನುಣ್ಣಗೆ, ಅರ್ಧ ತರಿತರಿ. ನುಣ್ಣಗಿದ್ದದ್ದು ಹಾಲನ್ನು ಗಟ್ಟಿ ಮಾಡುತ್ತದೆ, ತರಿ ಹಲ್ಲಿಗೆ ಸಿಗುತ್ತದೆ. ಕೇಸರಿಯನ್ನು ನೇರ ಪಾತ್ರೆಗೆ ಹಾಕುವಂತಿಲ್ಲ. ಬೆಚ್ಚನೆ ಹಾಲಿನ ಬಟ್ಟಲಲ್ಲಿ ನೆನೆಸಿ, ಬಣ್ಣ ಬಿಟ್ಟ ಮೇಲೆ ಬಟ್ಟಲು ಸಮೇತ ಬಗ್ಗಿಸುವುದು. ಸಕ್ಕರೆ ಕಡೆಗೆ. ಏಲಕ್ಕಿ ಇನ್ನೂ ಕಡೆಗೆ, ಒಲೆ ಆರಿಸುವ ಹೊತ್ತಿಗೆ, ಇಲ್ಲದಿದ್ದರೆ ಪರಿಮಳವೆಲ್ಲ ಆವಿಯ ಜೊತೆ ಹಾರಿ ಹೋಗುತ್ತದೆ. ಮೇಲೆ ಒಂದು ಹಿಡಿ ಚಾರೋಳಿ.

ಇನ್ನು ಜಾಯಿಕಾಯಿ. ಇದನ್ನು ಕಾಕು ಬೇರೆಯವರ ಕೈಗೆ ಕೊಡುವುದಿಲ್ಲ. ಸಾಣೆಯ ಮೇಲೆ ಒಂದೆರಡು ಸುತ್ತು, ಜಾಸ್ತಿಯಾದರೆ ಕಹಿ. ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಆವತ್ತು ರಾತ್ರಿ ಲಕ್ಷ್ಮಿ ಯಾರು ಎಚ್ಚರ ಇದ್ದಾರೆ ಅಂತ ನೋಡಿಕೊಂಡು ಹೋಗುತ್ತಾಳಂತೆ, ಅದಕ್ಕೇ ಜಾಗರಣೆ. ಹಾಲಿಗೆ ಹಾಕುವುದು ಮಾತ್ರ ನಮ್ಮ ಅಜ್ಜಿ ಕೂಸುಗಳಿಗೆ ನಿದ್ದೆ ಬರಲಿ ಅಂತ ತೇಯ್ದು ನೆಕ್ಕಿಸುತ್ತಿದ್ದ ಜಾಯಿಕಾಯಿ! ಹನ್ನೆರಡು ಗಂಟೆಗೆ ಲೋಟ ಖಾಲಿಯಾಗುತ್ತದೆ, ಹನ್ನೆರಡೂವರೆಗೆ ಅರ್ಧ ಟೆರೇಸ್ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತದೆ. ಲಕ್ಷ್ಮಿ ಒಂದು ಗಂಟೆಯ ಮೇಲೆ ಬಂದರೆ ಸೊಲ್ಲಾಪುರಕ್ಕೆ ನಷ್ಟ.

ಮೂರನೇ ಮಹಡಿಯ ಹುಡುಗ ಅಮೆರಿಕದಲ್ಲಿ ಇದ್ದು ಬಂದವನು. ಅವನು ಲೋಟ ಮೂಸಿ ನೋಡಿ, ಕ್ರಿಸ್‌ಮಸ್‌ಗೆ ಅಲ್ಲೂ ಇಂಥದ್ದೇ ಮಾಡುತ್ತಾರೆ, ಎಗ್‌ನಾಗ್ ಅಂತ, ಹಾಲು, ಕ್ರೀಮು, ಸಕ್ಕರೆ, ಮೇಲೆ ಇದೇ ಜಾಯಿಕಾಯಿ ಪುಡಿ ಅಂದ. ಅಲ್ಲಿಯವರೆಗೆ ಎಲ್ಲರಿಗೂ ಖುಷಿ. ಆಮೇಲೆ ಮೊಟ್ಟೆ ಅಂದ. ರಮ್ ಕೂಡ ಹಾಕ್ತಾರೆ ಅಂದ. ಕಾಕು ಅವನ ಲೋಟವನ್ನು ಬೇರೆ ಕಡೆ ಇಟ್ಟರು.

ಮಸಾಲೆ ಬೆರೆಸಿದ ಮೇಲೆ ಟೆರೇಸಿನ ದೀಪಗಳೆಲ್ಲ ಬಂದ್. ಮಳೆಗಾಲ ಈಗ ಮುಗಿದಿರುತ್ತದೆ, ಲೈಟು ಹಚ್ಚಿದರೆ ಹುಳ ಬಂದು ಹಾಲಿಗೇ ಬೀಳುತ್ತವೆ. ಪಾತೇಲಿಗೆ ತೆಳು ಬಟ್ಟೆ ಕಟ್ಟುತ್ತಾರೆ. ಚಂದ್ರ ನೆತ್ತಿಗೆ ಬಂದಾಗ ಬಟ್ಟೆ ತೆಗೆದು, ಹಾಲಲ್ಲಿ ಅವನು ಕಂಡ ಮೇಲೆಯೇ ಲೋಟಕ್ಕೆ. ಅಷ್ಟರಲ್ಲಿ ಭೇಳ್ ಹಂಚಿರುತ್ತಾರೆ, ಸಿಹಿಗೆ ಖಾರ ಬೇಕಲ್ಲ. ಮನೆಯ ಮೊದಲ ಮಗುವಿಗೆ ಆರತಿ ಎತ್ತುವುದೂ ಆವತ್ತೇ. ಕಾಕುವಿನ ಹಿರಿಯ ಮಗ ಬ್ಯಾಂಕಿನಲ್ಲಿ ಆಫೀಸರ್, ತಲೆ ಅರ್ಧ ಬೋಳು. ಅವನೂ ಪಾಟಿನ ಮೇಲೆ ತಲೆ ತಗ್ಗಿಸಿ ಕೂತು ಆರತಿ ಮಾಡಿಸಿಕೊಳ್ಳುತ್ತಾನೆ.

2023ರಲ್ಲಿ ಒಂದು ಪಜೀತಿಯಾಯಿತು. ಅಕ್ಟೋಬರ್ 28ರ ಹುಣ್ಣಿಮೆಯ ರಾತ್ರಿಯೇ ಚಂದ್ರಗ್ರಹಣ. ನಡುರಾತ್ರಿ ದಾಟಿ ಒಂದು ಗಂಟೆ ಐದು ನಿಮಿಷಕ್ಕೆ ಶುರು. ವೇಧ, ಅಂದರೆ ಗ್ರಹಣಕ್ಕೆ ಮೊದಲೇ ಶುರುವಾಗುವ ಉಣ್ಣಬಾರದ ಹೊತ್ತು, ಅಂತ ಮಧ್ಯಾಹ್ನದಿಂದಲೇ ಚರ್ಚೆ. ಒಬ್ಬರು ಹಾಲು ಕಾಯಿಸುವುದೇ ಬೇಡ ಅಂದರು. ಇನ್ನೊಬ್ಬರು ತುಳಸಿ ಎಲೆ ಹಾಕಿದರೆ ನಡೆಯುತ್ತದೆ ಅಂದರು. ತೆಲುಗಿನವರು ದರ್ಭೆ ತಂದರು. ಕೊನೆಗೆ ಕಾಕು, "ಚಂದ್ರಗ ತ್ರಾಸ ಆದ್ರ ಹಾಲೇನ್ ಮಾಡ್ತೈತಿ" ಅಂತ ಸಂಜೆಗೇ ಕಾಯಿಸಿ, ಚಂದ್ರ ಮೂಡಿದ ಕೂಡಲೇ ತೋರಿಸಿ, ಎಂಟು ಗಂಟೆಗೆಲ್ಲ ಮಕ್ಕಳಿಗೆ ಕುಡಿಸಿಬಿಟ್ಟರು. ಶಾಸ್ತ್ರದವರು ಮುಖ ತಿರುಗಿಸಿಕೊಂಡು ಕೂತರು, ಅರ್ಧ ಗಂಟೆಯ ಮೇಲೆ ಅವರೂ ಕುಡಿದರು. ಊರಲ್ಲಾದರೆ ಇಂಥ ಮಾತಿಗೆ ಎರಡು ಪಾರ್ಟಿಯಾಗಿ ವರ್ಷಗಟ್ಟಲೆ ಮಾತು ಬಿಡುತ್ತಿದ್ದರು ಅಂತ ನನಗೆ ಅನಿಸಿತು.

ಸರಿ, ಇಷ್ಟು ಹೊಗಳಿದ ಮೇಲೆ ಒಂದೆರಡು ಮಾತು ನುಂಗಿಕೊಳ್ಳಲೂ ಬೇಕು.

ನಮ್ಮ ವಾಚ್‌ಮನ್ ಕುಟುಂಬ ಕೆಳಗೆ ತಗಡಿನ ಶೆಡ್ಡಿನಲ್ಲಿದೆ. ಅವರು ಟೆರೇಸಿಗೆ ಬರುವುದಿಲ್ಲ. ಅವರ ಪಾಲಿನ ಹಾಲು ಸ್ಟೀಲ್ ಡಬ್ಬಿಯಲ್ಲಿ ಕೆಳಗೆ ಹೋಗುತ್ತದೆ. ಎಷ್ಟು ಕರೆದರೂ ಬರಲ್ಲ ಅನ್ನುತ್ತಾರೆ ಸೊಸೈಟಿಯವರು. ಕರೆದದ್ದನ್ನು ನಾನಂತೂ ನೋಡಿಲ್ಲ. ಹೊಲ ಇಲ್ಲದವರು ಏನು ಮಾಡುತ್ತಾರೆ ಅಂತ ಕೇಳಿದ ಕಾಕುವನ್ನು ಟೆರೇಸ್ ಇಲ್ಲದವರು ಏನು ಮಾಡುತ್ತಾರೆ ಅಂತ ಕೇಳಬಹುದಿತ್ತು. ನನಗೆ ಧೈರ್ಯ ಬಂದಿಲ್ಲ. ಕೇಸರಿ, ಪಿಸ್ತಾ ರೇಟಿಗೆ ವರ್ಗಣಿಯೂ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಸುಮ್ನೆ ಹಾಲು ಸಾಕು ಅಂತ ಮೇಲೆ ಬರೆದೆನಲ್ಲ, ಅದು ಅಷ್ಟು ಸುಲಭವೂ ಅಲ್ಲ.

ಇವರೇನು ನೆಲ ಬಿಟ್ಟವರೂ ಅಲ್ಲ. ಎಳ್ಳ ಅಮಾವಾಸ್ಯೆ ಬಂದರೆ ಕಾಕು ಬೆಳಿಗ್ಗೆ ಐದಕ್ಕೇ ಎದ್ದು, ಅಂಬಲಿ, ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ತವರಿನ ಹೊಲಕ್ಕೆ ಹೋಗುತ್ತಾರೆ. ಲಾತೂರು, ಧಾರಾಶಿವ (ಮೊದಲಿನ ಉಸ್ಮಾನಾಬಾದ್), ಸೊಲ್ಲಾಪುರದ ಕಡೆ ಆವತ್ತು ಪೇಟೆಯೇ ಖಾಲಿ. ಅಂದರೆ ಇವರಿಗೆ ಎರಡೂ ಇದೆ, ಹೊಲದ್ದೂ ಟೆರೇಸಿನದ್ದೂ. ನಮ್ಮವರಿಗೂ ಎರಡು ಇದ್ದರೆ ಯಾರು ಬೇಡ ಅಂತಿದ್ದರು?

ಇನ್ನೊಂದು. ಇದನ್ನು ಬರೆಯದೆ ಬಿಡೋಣ ಅಂದುಕೊಂಡಿದ್ದೆ. ನಾವು ಕಟ್ಟೆ ಮೇಲೆ ಕಾಯುತ್ತಾ ಕೂತ ಯಾವ ವರ್ಷವೂ ಬಂಡಿ ನಿಲ್ಲದೆ ಹೋದದ್ದಿಲ್ಲ. ಒಮ್ಮೊಮ್ಮೆ ಎರಡು ನಿಲ್ಲುತ್ತಿದ್ದವು, ಮಾಸ್ತರರು ನಮ್ಮ ಬಂಡಿಗೆ ಬರಲಿ ಅಂತ ಜಗಳವೇ ಆಗುತ್ತಿತ್ತು. ದರ್ಜಿ, ಕಂಪೌಂಡರ್, ಪೋಸ್ಟ್‌ಮ್ಯಾನ್ ಎಲ್ಲರೂ ಯಾವುದೋ ಒಂದು ಹೊಲದಲ್ಲಿ ಉಂಡವರೇ. ಎರೆಮಣ್ಣು ಅಂಟಿದ ಕಾಲಲ್ಲೇ ಕೂತು ತಿಂದ ಮೊಸರು ಬುತ್ತಿ, ಶೇಂಗಾ ಚಟ್ನಿಯ ರುಚಿ ಯಾವ ಕೇಸರಿ ಹಾಲಿಗೂ ಇಲ್ಲ. ಹಿಂದೆ ಕೂಗುತ್ತಾ ಓಡುವ ಕೆಲಸವೂ ಏನು ಕಡಿಮೆಯದಲ್ಲ. ಚರಗ ಚೆಲ್ಲುವವನು ನಿಧಾನ ನಡೆಯುತ್ತಿದ್ದ, ಓಡುತ್ತಿದ್ದವರು ನಾವು. ಆದರೂ, ಕರೆಯುತ್ತಿದ್ದರು ಅನ್ನುವುದಕ್ಕೂ ಅದು ನಮ್ಮದು ಅನ್ನುವುದಕ್ಕೂ ವ್ಯತ್ಯಾಸ ಇದೆ. ಅದನ್ನು ಬಂಡಿ ಇದ್ದವರಿಗೆ ವಿವರಿಸುವುದು ಕಷ್ಟ. ಈಗ ಬಂಡಿಯೂ ಕಡಿಮೆ, ಬುತ್ತಿಯ ರೊಟ್ಟಿ ಖಾನಾವಳಿಯಿಂದ ಬರುತ್ತದೆ.

ಇಲ್ಲೂ ಅದೇ ಗಾಳಿ ಬೀಸಿದೆ ಅನ್ನಿ. ಈ ವರ್ಷದ ಮೀಟಿಂಗಿನಲ್ಲಿ ಯಾರೋ, ತಿರುವುತ್ತಾ ಕೂರುವುದೇಕೆ, ಮಿಠಾಯಿ ಅಂಗಡಿಯಲ್ಲಿ ಮಸಾಲಾ ದೂಧ್ ಲೀಟರ್ ಲೆಕ್ಕದಲ್ಲಿ ತಯಾರು ಸಿಗುತ್ತದೆ, ಆರ್ಡರ್ ಕೊಟ್ಟುಬಿಡೋಣ ಅಂದರು. ಕೈ ಎತ್ತಿದವರೇ ಜಾಸ್ತಿ. ಬೇಡ ಅಂದವರು ಕಾಕು ಮತ್ತು ನಾನು. ಹಾಗೇನಾದರೂ ಮಾಡಿದರೆ ನನ್ನ ವರ್ಗಣಿ ಕೇಳಲು ಬರಬೇಡಿ ಅಂತ ಹೇಳಿಬಿಟ್ಟಿದ್ದೇನೆ.